ಟ್ರ್ಯಾಕ್ಟರ್ ಡೀಲರ್‌ನ ಆರಿಸುವುದು ಹೇಗೆ, ಅವರಿಂದ ಕೆಲಸ ತೆಗೆಯುವುದು ಹೇಗೆ: ಸರ್ವಿಸ್, ಸ್ಪೇರ್, ವಾರಂಟಿಯ ಪೂರ್ತಿ ಲೆಕ್ಕ

ರೋಹಿಣಿ ಮಳೆ ಬಿದ್ದು ಎರಡು ದಿನ ಆಗಿತ್ತು. ಎರೆ ಹೊಲ ಹದಕ್ಕೆ ಬಂದಿತ್ತು. ಅವತ್ತೇ ನಮ್ಮ ಗಾಡಿಯ ಕ್ಲಚ್ ಕೈಕೊಟ್ಟಿತು. ಡೀಲರ್ ಹತ್ತಿರ ಕ್ಲಚ್ ಪ್ಲೇಟ್ ಇತ್ತು, ರಿಲೀಸ್ ಬೇರಿಂಗ್ ಇರಲಿಲ್ಲ. "ನಾಳೆ ಬರ್ತದ್ರೀ ಯಜಮಾನ್ರ" ಅಂತ ಐದು ದಿನ ಹೇಳಿದರು. ಆರನೇ ದಿನ ಬಂತು. ಅಷ್ಟೊತ್ತಿಗೆ ಅಪ್ಪ ಬಾಡಿಗೆ ಗಾಡಿ ತರಿಸಿ, ಅರ್ಧ ಹೊಲವನ್ನು ಹದ ಆರಿದ ಮೇಲೆ ಬಿತ್ತಿ ಆಗಿತ್ತು. ಆ ವರ್ಷ ಆ ಅರ್ಧ ಹೊಲದ ಗೋವಿನಜೋಳ ನೋಡುವ ಹಾಗಿರಲಿಲ್ಲ. ಬೇರಿಂಗ್‌ನ ಬೆಲೆ ಇದರ ಮುಂದೆ ಏನೂ ಅಲ್ಲ.

ಆಮೇಲೆ ನಾನೇ ಕೆಲವು ವರ್ಷ ಒಂದು ಡೀಲರ್‌ಶಿಪ್‌ನ ಸ್ಪೇರ್ ಕೌಂಟರ್‌ನಲ್ಲಿ ಕೂತೆ. "ನಾಳೆ ಬರ್ತದೆ" ಅಂತ ನಾನೂ ಹೇಳಿದ್ದೇನೆ. ಈಗ ಮತ್ತೆ ಹೊಲ, ಮತ್ತೆ ಗಿರಾಕಿ. ಕೌಂಟರ್‌ನ ಎರಡೂ ಕಡೆ ನಿಂತದ್ದರಿಂದ ಗೊತ್ತಾದದ್ದನ್ನು ಇಲ್ಲಿ ಸಾಲಾಗಿ ಬರೆದಿದ್ದೇನೆ. ಯಾವ ಕಂಪನಿ ಗಾಡಿ ಒಳ್ಳೆಯದು ಅಂತ ಇದರಲ್ಲಿ ಇಲ್ಲ. ಅದನ್ನು ಹೇಳೋಕೆ ಊರಿನ ಕಟ್ಟೆ ಮೇಲೆ ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 1: ನಿಮ್ಮ ಸೀಮೆಯಲ್ಲಿ ಯಾವ ಗಾಡಿ ಜಾಸ್ತಿ, ಎಣಿಸಿ

ಸ್ಪೇರ್ ಸಿಗುತ್ತದೋ ಇಲ್ಲವೋ ಅನ್ನುವುದು ಡೀಲರ್‌ನ ಒಳ್ಳೆತನಕ್ಕಿಂತ ಮೊದಲು ಒಂದು ಸಂಖ್ಯೆಯ ಮೇಲೆ ನಿಂತಿದೆ. ನಿಮ್ಮ ಮಾಡೆಲ್ ಆ ತಾಲ್ಲೂಕಿನಲ್ಲಿ ಎಷ್ಟು ಓಡುತ್ತಿವೆ? ಐವತ್ತು ಗಾಡಿ ಇದ್ದರೆ ಡೀಲರ್ ಅದರ ಕ್ಲಚ್ ಸೆಟ್ ಇಟ್ಟೇ ಇಡುತ್ತಾರೆ. ಮೂರೇ ಇದ್ದರೆ, ಅವರ ದುಡ್ಡು ಕಪಾಟಿನಲ್ಲಿ ಕೊಳೆಯಲಿ ಅಂತ ಯಾಕೆ ಇಡುತ್ತಾರೆ?

ಎಣಿಸುವುದು ಕಷ್ಟ ಅಲ್ಲ. ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ಸಾಲು ನಿಂತಿರುತ್ತದಲ್ಲ, ಒಂದು ಚಹಾ ಕುಡಿಯುತ್ತಾ ಆ ಸಾಲಿನ ಉದ್ದಕ್ಕೂ ನಡೆದು ಬನ್ನಿ. ಕಬ್ಬು ಇಲ್ಲದ ಕಡೆ ಎಪಿಎಂಸಿ ಯಾರ್ಡ್ ಅಥವಾ ವಾರದ ಸಂತೆ. ಬರೀ ಕಂಪನಿ ಹೆಸರು ಬರೆದುಕೊಂಡರೆ ಸಾಲದು, ಮಾಡೆಲ್ ನಂಬರ್ ಬರೆದುಕೊಳ್ಳಿ. ಒಂದೇ ಕಂಪನಿಯ 40 ಎಚ್‌ಪಿ ಗಾಡಿಯ ಕ್ಲಚ್ ಪ್ಲೇಟ್ 50 ಎಚ್‌ಪಿ ಗಾಡಿಗೆ ಕೂರುತ್ತದೆ ಅಂತ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸ್ವರಾಜ್ 2007ರಲ್ಲಿ ಮಹೀಂದ್ರಾ ಕೈಗೆ ಬಂತು. ಐಷರ್ ಟ್ರ್ಯಾಕ್ಟರ್ 2005ರಲ್ಲಿ ಟಾಫೆ ಕೈಗೆ ಹೋಯಿತು, ಮ್ಯಾಸಿ ಮಾಡುವವರೂ ಅವರೇ. ಮಾಲೀಕ ಒಬ್ಬನೇ ಆದರೂ ಡೀಲರ್ ಬೇರೆ, ಸ್ಪೇರ್ ಬೇರೆ. "ಎರಡೂ ಒಂದೇ ಕಂಪನಿರೀ, ಅಲ್ಲೂ ಸಿಗ್ತದೆ" ಅಂತ ಸೇಲ್ಸ್ ಹುಡುಗ ಹೇಳಿದರೆ, ಆ ಇನ್ನೊಂದು ಅಂಗಡಿಗೆ ಹೋಗಿ ಕೇಳಿಯೇ ನಂಬಿ. ಅಡಿಕೆ ತೋಟಕ್ಕೆ ಮಿನಿ ಟ್ರ್ಯಾಕ್ಟರ್ ಅಥವಾ ಟಿಲ್ಲರ್ ಕೊಳ್ಳುವವರ ಲೆಕ್ಕ ಬೇರೆ. ಅವರು ದೊಡ್ಡ ಗಾಡಿಗಳ ಸಾಲು ಬಿಟ್ಟು ಪಕ್ಕದ ತೋಟಗಳಲ್ಲಿ ಎಣಿಸಬೇಕು.

ಅಂದಹಾಗೆ, ಗಾಡಿಯ ಶಕ್ತಿಯ ಬಗ್ಗೆ ಅನುಮಾನ ಇದ್ದರೆ ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ, 1955ರಿಂದ. ಅಲ್ಲಿನ ಪರೀಕ್ಷಾ ವರದಿಯಲ್ಲಿ ಪಿ.ಟಿ.ಓ. ಶಕ್ತಿ (ರೋಟವೇಟರ್‌ನಂಥದ್ದನ್ನು ತಿರುಗಿಸುವ ಹಿಂದಿನ ಶಾಫ್ಟ್‌ಗೆ ಸಿಗುವ ಶಕ್ತಿ), ಹೈಡ್ರಾಲಿಕ್ ಎತ್ತುವ ತೂಕ ಎಲ್ಲ ಇರುತ್ತದೆ. ನಿಮ್ಮ ಮಾಡೆಲ್‌ನ ವರದಿ ಕೊಡಿ ಅಂತ ಡೀಲರ್‌ನ ಕೇಳಿ ನೋಡಿ. ತರಿಸಿ ಕೊಡುವ ಡೀಲರ್ ಅಪರೂಪ, ಆದರೆ ಅಂಥವರು ಇದ್ದಾರೆ.

ಹೆಜ್ಜೆ 2: ಶೋರೂಮ್ ಬಿಟ್ಟು ಹಿಂದಿನ ಶೆಡ್ಡಿಗೆ ಹೋಗಿ

ಮುಂದೆ ಗಾಜು, ಎ.ಸಿ., ಹೊಸ ಗಾಡಿಗೆ ಹೂವಿನ ಹಾರ. ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದ್ದು ವರ್ಕ್‌ಶಾಪ್. ನಮ್ಮ ಕಡೆ ಅಮಾವಾಸ್ಯೆ ದಿನ ಗಾಡಿ ಹೊಲಕ್ಕೆ ಇಳಿಸದವರು ಇನ್ನೂ ಬಹಳ ಜನ. ಅವತ್ತು ಎಲ್ಲರೂ ಸರ್ವಿಸ್‌ಗೆ ಬಿಡುತ್ತಾರೆ. ನೀವೂ ಅವತ್ತೇ ಹೋಗಿ, ಸುಮ್ನೆ ಒಂದು ತಾಸು ನಿಂತು ನೋಡಿ.

ಕಾಯುತ್ತಾ ಕೂತ ರೈತರ ಹತ್ತಿರ "ಸರ್ವಿಸ್ ಹೆಂಗದ?" ಅಂತ ಕೇಳಬೇಡಿ. "ಏನೋ ನಡಿತದ" ಅಂತಾರೆ, ಅಷ್ಟೇ. "ಕಾಕಾ, ಗಾಡಿ ಯಾವತ್ತು ತಂದು ಬಿಟ್ರಿ?" ಅಂತ ಕೇಳಿ. ಆ ತಾರೀಖು ಸುಳ್ಳು ಹೇಳುವುದಿಲ್ಲ. ಹತ್ತು ಹದಿನೈದು ದಿನದಿಂದ ಬಿಚ್ಚಿ ಇಟ್ಟ ಗಾಡಿಗಳು ಮೂಲೆಯಲ್ಲಿ ನಾಲ್ಕು ಇದ್ದರೆ, ಯಾವ ಸಾಮಾನಿಗೆ ಕಾಯುತ್ತಿವೆ ಅಂತ ತಿಳಿದುಕೊಳ್ಳಿ. ಬಿಚ್ಚಿದ ಎಂಜಿನ್ ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದಾರಾ, ಧೂಳಿಗೆ ಹಾಗೇ ಬಿಟ್ಟಿದ್ದಾರಾ ಅಂತಲೂ ನೋಡಿ. ಹೈಡ್ರಾಲಿಕ್ ಪಂಪ್ ಬಿಚ್ಚುವ ಟೇಬಲ್ ಮೇಲೆ ಮಣ್ಣು ಇದ್ದರೆ ಆ ಪಂಪು ಮತ್ತೆ ಬಿಚ್ಚಬೇಕಾಗುತ್ತದೆ.

ಮೆಕ್ಯಾನಿಕ್‌ಗಳ ಹತ್ತಿರ ಮಾತಾಡಿ. ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು? ಡೀಲರ್‌ಶಿಪ್‌ಗಳ ದೊಡ್ಡ ರೋಗವೇ ಇದು. ಹುಡುಗ ಕೆಲಸ ಕಲಿಯುತ್ತಾನೆ, ಕಂಪನಿ ಟ್ರೇನಿಂಗ್ ಪಡೆಯುತ್ತಾನೆ, ಆಮೇಲೆ ಸಂಬಳ ಸಾಲದೆ ಸ್ವಂತ ಗ್ಯಾರೇಜ್ ಹಾಕುತ್ತಾನೆ. ತಪ್ಪು ಅವನದಲ್ಲ. ಆದರೆ ಐದಾರು ವರ್ಷದಿಂದ ಅಲ್ಲೇ ಇರುವ ಒಬ್ಬ ಫೋರ್‌ಮನ್ ಇದ್ದರೆ ಆ ಡೀಲರ್‌ಗೆ ನಾನು ಅರ್ಧ ಅಂಕ ಅಲ್ಲೇ ಕೊಡುತ್ತೇನೆ.

50 ಎಚ್‌ಪಿ ಮೇಲಿನ ಗಾಡಿ ಕೊಳ್ಳುವವರು ಇನ್ನೊಂದು ನೋಡಬೇಕು. 2023ರ ಜನವರಿ 1ರಿಂದ ಆ ಗಾಡಿಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಹಾಗಾಗಿ ಹೆಚ್ಚಿನವು ಸಿಆರ್‌ಡಿಐ ಎಂಜಿನ್‌ನವು, ಅಂದರೆ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಸೆನ್ಸರ್ ಇದೆ, ಇಸಿಯು ಅನ್ನುವ ಆ ಕಂಪ್ಯೂಟರ್ ಇದೆ. ಲೈಟ್ ಹತ್ತಿದರೆ ಸ್ಕ್ಯಾನರ್ ಹಚ್ಚಿ ನೋಡಬೇಕು. ಹಳೆ ಮಿಸ್ತ್ರಿ ಕಿವಿಗೊಟ್ಟು ಸೌಂಡ್ ಕೇಳಿ ಹೇಳುವ ಕಾಲ ಆ ಗಾಡಿಗಳಿಗೆ ಮುಗಿದಿದೆ. "ಸ್ಕ್ಯಾನರ್ ಇದೆಯಾ, ಯಾರು ನೋಡುತ್ತಾರೆ, ಅವರು ರಜೆ ಇದ್ದರೆ ಯಾರು?" ಈ ಮೂರೂ ಕೇಳಿ. ಜಿಲ್ಲೆಗೆ ಒಬ್ಬನೇ ಹುಡುಗ ಅಂತಾದರೆ, ಜೂನ್ ತಿಂಗಳಲ್ಲಿ ಅವನು ನಿಮ್ಮ ಊರಿಗೆ ಯಾವಾಗ ಬಂದಾನು ಅಂತ ನೀವೇ ಅಂದಾಜು ಮಾಡಿ.

ಹೆಜ್ಜೆ 3: ಸ್ಪೇರ್ ಕೌಂಟರ್‌ಗೆ ಒಂದು ಪರೀಕ್ಷೆ ಕೊಡಿ

ಬುಕಿಂಗ್ ಮಾತು ಎತ್ತುವ ಮುಂಚೆ ನೇರ ಕೌಂಟರ್‌ಗೆ ಹೋಗಿ. ನೀವು ಕೊಳ್ಳಬೇಕೆಂದಿರುವ ಮಾಡೆಲ್ ಹೇಳಿ, ಐದು ಸಾಮಾನಿನ ಬೆಲೆ ಕೇಳಿ: ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟ್, ಮುಂದಿನ ಹಬ್‌ನ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಜೊತೆ ರಿಲೀಸ್ ಬೇರಿಂಗ್, ಹೈಡ್ರಾಲಿಕ್ ಪಂಪ್. ಮೊದಲ ಮೂರು ಅಲ್ಲೇ ತೆಗೆದು ತೋರಿಸಬೇಕು. ನಾಲ್ಕನೆಯದು ಇರಬೇಕು. ಐದನೆಯದು ಇಲ್ಲದಿದ್ದರೂ ಸರಿ, ಎಷ್ಟು ದಿನಕ್ಕೆ ಬರುತ್ತದೆ ಅಂತ ಖಚಿತವಾಗಿ ಹೇಳಬೇಕು. ಮೊದಲ ಮೂರರಲ್ಲಿ ಎರಡು ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಒಳಗೆ ಹೇಗೆ ನಡೆಯುತ್ತದೆ ಅಂತ ತಿಳಿದಿದ್ದರೆ ಜಗಳ ಕಡಿಮೆ. ಡೀಲರ್ ಸ್ಪೇರ್‌ಗಳನ್ನು ಓಡುವ ಮಾಲು, ನಿಧಾನದ ಮಾಲು, ಸತ್ತ ಮಾಲು ಅಂತ ವಿಂಗಡಿಸುತ್ತಾರೆ. ಓಡುವ ಮಾಲಿಗೆ ಆಗಾಗ ಸ್ಟಾಕ್ ಆರ್ಡರ್ ಹೋಗುತ್ತದೆ. ಕಂಪನಿಯ ಡಿಪೋದಿಂದ ಒಟ್ಟಿಗೆ ಬರುತ್ತದೆ, ಸಾಗಣೆ ಖರ್ಚು ಕಡಿಮೆ. ಇನ್ನೊಂದು ತುರ್ತು ಆರ್ಡರ್. ಕೌಂಟರ್ ಭಾಷೆಯಲ್ಲಿ ಅದನ್ನು ವಿ.ಓ.ಆರ್. ಅಂತಾರೆ, ಅಂದರೆ ಗಾಡಿ ನಿಂತಿದೆ, ಈ ಒಂದು ಸಾಮಾನು ಬೇಗ ಕಳಿಸಿ ಅಂತ. ಅದಕ್ಕೆ ಡೀಲರ್‌ಗೆ ಖರ್ಚು ಜಾಸ್ತಿ. ಆದ್ದರಿಂದ ನೀವು ಕೇಳದಿದ್ದರೆ ಕೆಲವರು ನಿಮ್ಮ ಸಾಮಾನನ್ನು ಮುಂದಿನ ಸ್ಟಾಕ್ ಆರ್ಡರ್‌ಗೆ ಸೇರಿಸಿ "ನಾಳೆ ಬರ್ತದೆ" ಅಂತ ಕೂರುತ್ತಾರೆ. ನಮ್ಮ ರಿಲೀಸ್ ಬೇರಿಂಗ್ ಕಥೆ ಇದೇ ಆಗಿತ್ತು ಅಂತ ಕೌಂಟರ್‌ನಲ್ಲಿ ಕೂತ ಮೇಲೆ ನನಗೆ ಹೊಳೆಯಿತು.

ಗಾಡಿ ನಿಂತಾಗ ಹೇಳಬೇಕಾದ ಮಾತು: "ವಿ.ಓ.ಆರ್. ಹಾಕಿ, ಆರ್ಡರ್ ನಂಬರ್ ನನಗೆ ವಾಟ್ಸ್‌ಆ್ಯಪ್ ಮಾಡಿ." ನಂಬರ್ ಬಂದರೆ ಆರ್ಡರ್ ಹೋಗಿದೆ. ಬರದಿದ್ದರೆ ಹೋಗಿಲ್ಲ. ಜೊತೆಗೆ, ಪಕ್ಕದ ತಾಲ್ಲೂಕಿನ ಅದೇ ಕಂಪನಿ ಡೀಲರ್ ಹತ್ತಿರ ಇದೆಯಾ ಅಂತ ಫೋನ್ ಹಚ್ಚಿಸಿ. ಎಷ್ಟೋ ಸಲ ಐವತ್ತು ಕಿಲೋಮೀಟರ್ ಆಚೆ ಇರುವ ಸಾಮಾನಿಗೆ ನಾವು ಚೆನ್ನೈ, ಪುಣೆ ಕಡೆ ನೋಡುತ್ತಾ ಕೂತಿರುತ್ತೇವೆ.

ಹೆಜ್ಜೆ 4: ಚೌಕಾಸಿ ಯಾವುದಕ್ಕೆ ಮಾಡಬೇಕು

ಐದು ಸಾವಿರ ಕಡಿಮೆ ಮಾಡಿಸಿಕೊಂಡು ಮೀಸೆ ತಿರುವುವವರನ್ನು ಬಹಳ ನೋಡಿದ್ದೇನೆ. ಹೊಸ ಗಾಡಿಯಲ್ಲಿ ಡೀಲರ್‌ಗೆ ಉಳಿಯುವುದು ತೀರಾ ಕಡಿಮೆ. ಅದನ್ನೂ ಹಿಂಡಿದರೆ ಅವರು ಅದನ್ನು ಬೇರೆ ಎಲ್ಲೋ ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ನನ್ನ ಸಲಹೆ: ದುಡ್ಡಿಗೆ ಬದಲು ಕೆಲಸ ಕೇಳಿ. "ಮೊದಲ ಎರಡು ಸರ್ವಿಸ್‌ನ ಆಯಿಲ್, ಫಿಲ್ಟರ್ ನಿಮ್ಮ ಖರ್ಚು" ಅಂತ ಡೀಲರ್‌ಗೆ ಹೇಳಿ. ಫ್ರೀ ಸರ್ವಿಸ್ ಅಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಫ್ರೀ, ಆಯಿಲ್-ಫಿಲ್ಟರ್‌ಗೆ ಬಿಲ್ ಬರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದೇ ಬಿಲ್ ಕೈಗೆ ಬಂದಾಗ. ಹೊಲಕ್ಕೆ ಮೆಕ್ಯಾನಿಕ್ ಬಂದರೆ ಓಡಾಟದ ಖರ್ಚು ಎಷ್ಟು, ವಾರಂಟಿ ಕೆಲಸಕ್ಕೂ ಅದನ್ನು ಹಾಕುತ್ತಾರಾ ಅಂತ ಕೇಳಿ.

ಒಪ್ಪಿದ್ದನ್ನೆಲ್ಲ ಕೊಟೇಶನ್ ಹಿಂಭಾಗದಲ್ಲಾದರೂ ಬರೆಸಿ ಸೀಲ್ ಹಾಕಿಸಿ. ಬಂಪರ್, ಹುಕ್, ಟಾಪ್ ಲಿಂಕ್, ಟೂಲ್ ಕಿಟ್ ಯಾವುದು ಬೆಲೆಯಲ್ಲಿ ಸೇರಿದೆ ಅಂತಲೂ ಅದರಲ್ಲೇ ಬರಲಿ. ಬೆಲೆ ಹೋಲಿಸುವಾಗ ಒಂದು ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಅದಕ್ಕಿಂತ ಹಿಂದೆ ಗಾಡಿ ತಂದ ಅಳಿಯನ ಬಿಲ್ ಹಿಡಿದುಕೊಂಡು ಹೋಗಿ ಜಗಳ ಆಡಬೇಡಿ.

ಹೆಜ್ಜೆ 5: ಡೆಲಿವರಿ ದಿನ

ಯುಗಾದಿ, ಆಯುಧಪೂಜೆ, ದೀಪಾವಳಿಗೆ ಗಾಡಿ ತರುವುದು ನಮ್ಮ ಪದ್ಧತಿ. ಅವತ್ತು ಒಂದೇ ಡೀಲರ್ ಹತ್ತಾರು ಗಾಡಿ ಬಿಡುತ್ತಾರೆ. ಕೊಡುವ ಮುಂಚೆ ಮಾಡಬೇಕಾದ ತಪಾಸಣೆ ಆ ಗದ್ದಲದಲ್ಲಿ ನಡೆಯುವುದಿಲ್ಲ. ಹಿಂದಿನ ದಿನವೇ ಹೋಗಿ ಗಾಡಿ ನೋಡಿಕೊಂಡು ಬನ್ನಿ, ಮುಹೂರ್ತಕ್ಕೆ ಪೂಜೆ ಮಾಡಿ ತನ್ನಿ.

ನೋಡಬೇಕಾದ್ದು ಏನು? ಚಾಸಿ ನಂಬರ್, ಎಂಜಿನ್ ನಂಬರ್ ಬಿಲ್‌ಗೆ ಸರಿ ಇರಬೇಕು. ಪ್ಲೇಟ್ ಮೇಲೆ ತಯಾರಾದ ತಿಂಗಳು-ವರ್ಷ ನೋಡಿ. ಮೀಟರ್‌ನಲ್ಲಿ ಎಷ್ಟು ಗಂಟೆ ಇದೆ ನೋಡಿ, ಡೆಮೊ ಓಡಿಸಿದ ಗಾಡಿಯನ್ನು ಹೊಸದು ಅಂತ ಕೊಡುವುದು ಇಲ್ಲದ್ದೇನಲ್ಲ. ನಾಲ್ಕೂ ಟಯರ್ ಒಂದೇ ಕಂಪನಿಯವಾ ನೋಡಿ, ಅವುಗಳ ಸೀರಿಯಲ್ ನಂಬರ್ ಬರೆದುಕೊಳ್ಳಿ. ಬ್ಯಾಟರಿ ಕಾರ್ಡ್ ಕೇಳಿ ಪಡೆಯಿರಿ. ವಾರಂಟಿ ಪುಸ್ತಕದಲ್ಲಿ ಮಾರಾಟದ ತಾರೀಖು, ಸೀಲ್ ಅವತ್ತೇ ಬೀಳಬೇಕು. ಆ ತಾರೀಖಿನಿಂದಲೇ ವಾರಂಟಿ ಎಣಿಕೆ ಶುರು.

ಇನ್ನೊಂದು ಚಿಕ್ಕದು, ಆದರೆ ಆಮೇಲೆ ಬಹಳ ಕಾಡುವುದು: ಕಂಪನಿಯ ಕಂಪ್ಯೂಟರ್‌ಗೆ ಹೋದ ಮೊಬೈಲ್ ನಂಬರ್ ನಿಮ್ಮದೇನಾ? ಸರ್ವಿಸ್ ಮೆಸೇಜು, ಓಟಿಪಿ ಎಲ್ಲ ಅದಕ್ಕೇ ಬರುತ್ತದೆ. ಅವಸರದಲ್ಲಿ ಸೇಲ್ಸ್‌ನವರು ತಮ್ಮದೇ ನಂಬರ್ ಹಾಕಿಬಿಟ್ಟ ಗಾಡಿಗಳನ್ನು ನಾನೇ ಸರಿಪಡಿಸಿದ್ದೇನೆ.

ಗಾಡಿ ಮನೆಗೆ ಬಂದ ಮೇಲೆ ಕಂಪನಿ ಕಡೆಯವರು ಒಮ್ಮೆ ಬಂದು ಎಲ್ಲ ವಿವರಿಸಬೇಕು. ಆಗ ನೀವೊಬ್ಬರೇ ನಿಲ್ಲಬೇಡಿ, ಡ್ರೈವರ್‌ನ ಪಕ್ಕದಲ್ಲಿ ನಿಲ್ಲಿಸಿ. ದಿನವಿಡೀ ಸೀಟಿನ ಮೇಲೆ ಕೂರುವವನು ಅವನು ಅಲ್ವಾ? ಇನ್ನೂ ಚೆನ್ನಾಗಿ ಕಲಿಯಬೇಕು ಅನ್ನುವವರಿಗೆ ಬಳ್ಳಾರಿಯ ಆಚೆ, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ.

ಹೆಜ್ಜೆ 6: ಸರ್ವಿಸ್‌ಗೆ ಬಿಡುವ ಬಗೆ

ಮೊದಲ ಸರ್ವಿಸ್ ಹೆಚ್ಚಿನ ಗಾಡಿಗಳಿಗೆ 50 ಗಂಟೆಗೆ. ಇದನ್ನು ಮಾತ್ರ ತಪ್ಪಿಸಬೇಡಿ. ಹೊಸ ಗೇರ್‌ಗಳು ಒಂದಕ್ಕೊಂದು ಸವೆದು ಬಿಟ್ಟ ಕಬ್ಬಿಣದ ಪುಡಿ ಆಯಿಲ್‌ನಲ್ಲೇ ಇರುತ್ತದೆ, ಅದು ಹೊರಗೆ ಹೋಗಬೇಕು. ಆಮೇಲಿನದ್ದಕ್ಕೆ ಪುಸ್ತಕ ನೋಡಿ. ಪುಸ್ತಕದ ಲೆಕ್ಕ ಸಾಧಾರಣ ಕೆಲಸಕ್ಕೆ. ಗಂಗಾವತಿ, ಸಿಂಧನೂರು ಕಡೆ ಕೇಜ್ ವೀಲ್ ಹಾಕಿ ಕೆಸರು ಗದ್ದೆಯಲ್ಲಿ ಓಡುವ ಗಾಡಿಗೆ ಮುಂದಿನ ಆಕ್ಸಲ್‌ನ ಸೀಲು, ಬೇರಿಂಗ್ ಬೇಗ ಹೋಗುತ್ತವೆ. ಬೇಸಿಗೆ ಧೂಳಿನಲ್ಲಿ ರೋಟವೇಟರ್ ಹೊಡೆಯುವ ಗಾಡಿಯ ಏರ್ ಕ್ಲೀನರ್ ದಿನವೂ ನೋಡಬೇಕು.

ಗಂಟೆ ಮೀಟರ್ ಬಗ್ಗೆ ಒಂದು ಮಾತು. ಕೇಬಲ್‌ನಿಂದ ತಿರುಗುವ ಹಳೇ ಥರದ ಮೀಟರ್, ಎಂಜಿನ್ ಒಂದು ಗೊತ್ತಾದ ವೇಗದಲ್ಲಿ ಓಡಿದರೆ ಮಾತ್ರ ಗಡಿಯಾರದ ಒಂದು ಗಂಟೆಗೆ ಒಂದು ಗಂಟೆ ತೋರಿಸುತ್ತದೆ. ನಿಧಾನಕ್ಕೆ ಓಡಿಸಿದರೆ ಕಡಿಮೆ ತೋರಿಸುತ್ತದೆ. ಡಿಜಿಟಲ್ ಮೀಟರ್ ಹಾಗಲ್ಲ. ಮೀಟರ್ ಕೆಟ್ಟರೆ ಅದೇ ವಾರ ಸರಿಮಾಡಿಸಿ, ತಾರೀಖು ಸಮೇತ ಬರೆಸಿ. ಮೀಟರ್ ನಿಂತ ಗಾಡಿಯ ವಾರಂಟಿ ಕ್ಲೇಮ್ ಕಂಪನಿಯಲ್ಲಿ ಪಾಸಾಗುವುದು ಕಷ್ಟ.

ಮುಂಗಾರಿನ ಮುಂಚಿನ ದೊಡ್ಡ ಸರ್ವಿಸ್‌ಗೆ ಯುಗಾದಿ ಮುಗಿದ ಕೂಡಲೇ ಬಿಡಿ. ಮೇ ಕೊನೆಯಲ್ಲಿ ಬಿಟ್ಟರೆ ನೀವು ಮೂವತ್ತನೆಯವರು.

ಬಿಡುವಾಗ ಜಾಬ್ ಕಾರ್ಡ್ ತೆರೆಸದೆ ಕೀಲಿ ಕೊಡಬೇಡಿ. "ಆಮೇಲೆ ಬರಿತೀನ್ರೀ, ನೀವು ಹೋಗ್ರಿ" ಅಂದರೆ, "ಇಲ್ಲಪ್ಪಾ, ಕೂತಿರ್ತೀನಿ, ಬರಿ" ಅನ್ನಿ. ಅದರಲ್ಲಿ ತಾರೀಖು, ಗಂಟೆ, ನಿಮ್ಮ ದೂರು ಇರಬೇಕು. ದೂರು ಹೇಗೆ ಬರೆಸುತ್ತೀರಿ ಅನ್ನುವುದರ ಮೇಲೆ ಅರ್ಧ ರಿಪೇರಿ ನಿಂತಿದೆ. "ಸೌಂಡ್ ಬರ್ತದೆ" ಅಂದರೆ ಮೆಕ್ಯಾನಿಕ್ ಏನು ಮಾಡಬೇಕು? "ಎಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, ಲೋಡ್ ಇರುವಾಗ ಮಾತ್ರ ಹಿಂದಿನಿಂದ ಗರಗರ ಅನ್ನುತ್ತದೆ. ಕ್ಲಚ್ ಒತ್ತಿದರೆ ನಿಲ್ಲುತ್ತದೆ." ಹೀಗೆ ಬರೆಸಿದರೆ ಅವನು ಎಲ್ಲಿ ಕೈ ಹಾಕಬೇಕೋ ಅಲ್ಲೇ ಹಾಕುತ್ತಾನೆ. ಸಾಧ್ಯವಾದರೆ ಹೊಲದಲ್ಲೇ ಒಂದು ವಿಡಿಯೊ ಮಾಡಿಕೊಳ್ಳಿ. ವರ್ಕ್‌ಶಾಪ್‌ಗೆ ಬಂದ ಗಾಡಿ ಡಾಕ್ಟರ್ ಮುಂದೆ ಕೂತ ಮಗುವಿನ ಹಾಗೆ, ಏನೂ ಆಗಿಲ್ಲ ಅನ್ನುವಂತೆ ಇರುತ್ತದೆ.

ಆಯಿಲ್ ನಿಮ್ಮ ಕಣ್ಣ ಮುಂದೆ ಹಾಕಿಸಿ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಗಳ ಹಿಂದಿನ ಪೆಟ್ಟಿಗೆಗೆ ಯುಟಿಟಿಓ ಅನ್ನುವ ಜಾತಿಯ ಆಯಿಲ್ ಬೇಕು. ಅಗ್ಗದ ಮಾಮೂಲಿ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಚುತ್ತದೆ, ಪ್ಲೇಟ್ ಹಾಳಾಗುತ್ತದೆ. ಬದಲಿಸಿದ ಹಳೇ ಸಾಮಾನನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಮಾತ್ರ ಕೊಡುವುದಿಲ್ಲ, ಅದು ಕಂಪನಿಗೆ ವಾಪಸ್ ಹೋಗಬೇಕು.

ಹೆಜ್ಜೆ 7: ಯಾವುದು ಕಂಪನಿ ಮಾಲೇ ಆಗಬೇಕು, ಯಾವುದು ಹೊರಗೆ ತರಬಹುದು

ಕೌಂಟರ್‌ನಲ್ಲಿ ಕೂತಾಗ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಹೇಳುತ್ತೇನೆ.

ಬೇರಿಂಗ್‌ಗೆ ಜಗತ್ತಿಗೆಲ್ಲ ಒಂದೇ ನಂಬರ್. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್, ಯಾವ ಕಂಪನಿಯದ್ದಾದರೂ. ಹಳೇ ಬೇರಿಂಗ್ ಒರೆಸಿ ನಂಬರ್ ಓದಿ, ಒಳ್ಳೆ ಹೆಸರಿನ ಬೇರಿಂಗನ್ನು ಬೇರಿಂಗ್ ಅಂಗಡಿಯಲ್ಲೇ ತರಬಹುದು. ಆಯಿಲ್ ಸೀಲ್‌ಗೂ ಮೈಮೇಲೆ ಅಳತೆ ಬರೆದಿರುತ್ತದೆ. ಬೆಲ್ಟ್‌ಗೂ ಹಾಗೇ. ಡೀಲರ್ "ಇಲ್ಲ" ಅಂದ ದಿನ ಇವು ಮೂರಕ್ಕೆ ಗಾಡಿ ನಿಲ್ಲಿಸಬೇಕಾಗಿಲ್ಲ. ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ಸಿಗುತ್ತವೆ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರೋಡ್ ಇದ್ದೇ ಇದೆ. ಆದರೆ ನಮ್ಮ ಆ ರಿಲೀಸ್ ಬೇರಿಂಗ್‌ನಂಥ ಕೆಲವು ಆ ಗಾಡಿಗಂತಲೇ ಮಾಡಿದವು, ನಂಬರ್ ಹೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ.

ಫಿಲ್ಟರ್, ಕ್ಲಚ್ ಪ್ಲೇಟ್, ಗೇರ್, ಹೈಡ್ರಾಲಿಕ್ ಒಳಗಿನ ಸಾಮಾನು, ಪಿಸ್ಟನ್-ರಿಂಗ್ ಇವಕ್ಕೆ ಕಂಪನಿ ಮಾಲು ಬಿಡಬೇಡಿ. ಡೂಪ್ಲಿಕೇಟ್ ಫಿಲ್ಟರ್ ನೋಡಲು ತದ್ರೂಪ ಇರುತ್ತದೆ, ಒಳಗಿನ ಕಾಗದ ಮಾತ್ರ ಸುಳ್ಳು. ಹೊಲೊಗ್ರಾಂ ನೋಡಿ, ಕ್ಯೂಆರ್ ಕೋಡ್ ಇದ್ದರೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ. ಬಿಲ್ ಇಲ್ಲದೆ ತರಬೇಡಿ. ಡೀಲರ್‌ನಲ್ಲೇ ಕೊಂಡರೂ ಬಿಲ್‌ನಲ್ಲಿ ಪಾರ್ಟ್ ನಂಬರ್ ಇರಬೇಕು. 2025ರ ಸೆಪ್ಟೆಂಬರ್‌ನಿಂದ ಟ್ರ್ಯಾಕ್ಟರ್ ಟಯರ್-ಟ್ಯೂಬು, ಟ್ರ್ಯಾಕ್ಟರ್‌ಗಂತಲೇ ಇರುವ ಹಲವು ಬಿಡಿಭಾಗಗಳ ಜಿಎಸ್‌ಟಿಯೂ 18ರಿಂದ 5ಕ್ಕೆ ಬಂದಿದೆ, ಎಂಜಿನ್ ಆಯಿಲ್ 18ರಲ್ಲೇ ಇದೆ. ಹಳೇ ಎಂಆರ್‌ಪಿ ಚೀಟಿ ತೋರಿಸಿ ಅದೇ ದುಡ್ಡು ಕೇಳಿದರೆ ಬಿಲ್‌ನ ತೆರಿಗೆ ಕಾಲಮ್ಮಿಗೆ ಬೆರಳು ಇಟ್ಟು ಕೇಳಿ.

ಮನೆಯಲ್ಲಿ ಒಂದು ಡಬ್ಬಿ ಇರಲಿ: ಡೀಸೆಲ್ ಫಿಲ್ಟರ್ ಒಂದು ಜೊತೆ, ಫ್ಯಾನ್ ಬೆಲ್ಟ್, ಫ್ಯೂಸ್, ರೇಡಿಯೇಟರ್ ಹೋಸ್, ಟಾಪ್ ಲಿಂಕ್ ಪಿನ್, ಹತ್ತು ಲಿಂಚ್ ಪಿನ್ (ಸಲಕರಣೆ ಕಳಚದಂತೆ ಹಾಕುವ ಚಿಕ್ಕ ಪಿನ್), ರೋಟವೇಟರ್ ಇದ್ದರೆ ನಾಲ್ಕು ಬ್ಲೇಡು ಬೋಲ್ಟ್ ಸಮೇತ. ಲಿಂಚ್ ಪಿನ್ ಯಾಕೆ ಹತ್ತು? ಕಳೆದುಕೊಳ್ಳದ ಡ್ರೈವರ್‌ನ ನಾನು ಇನ್ನೂ ನೋಡಿಲ್ಲ.

ಹೆಜ್ಜೆ 8: ವಾರಂಟಿ ಹೇಗೆ ಕೆಲಸ ಮಾಡುತ್ತದೆ

ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು. ಎಷ್ಟು ಅನ್ನುವುದು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. "ಆರು ವರ್ಷ ವಾರಂಟಿ" ಅಂದರೆ ಆರೂ ವರ್ಷ ಇಡೀ ಗಾಡಿಗೋ, ಕೊನೆಯ ಕೆಲವು ವರ್ಷ ಎಂಜಿನ್-ಗೇರ್‌ಬಾಕ್ಸಿಗೆ ಮಾತ್ರವೋ, ಅದನ್ನು ಪುಸ್ತಕದಲ್ಲಿ ಓದಿ.

ಒಳಗಿನ ದಾರಿ ಹೀಗಿದೆ. ಡೀಲರ್ ಸಾಮಾನು ಬದಲಿಸಿ ಹಳೆಯದನ್ನು ಕಂಪನಿಗೆ ಕಳಿಸುತ್ತಾರೆ. ಕಂಪನಿ ನೋಡಿ ಒಪ್ಪಿದರೆ ಡೀಲರ್‌ಗೆ ದುಡ್ಡು ಕೊಡುತ್ತದೆ. ಒಪ್ಪದಿದ್ದರೆ ನಷ್ಟ ಡೀಲರ್‌ದು. ಹೀಗಾಗಿ ಕ್ಲೇಮ್ ಹಾಕಲು ಅವರು ಹಿಂದೆ ಮುಂದೆ ನೋಡುತ್ತಾರೆ. ನಿಮ್ಮ ಕಾಗದ ಎಷ್ಟು ಗಟ್ಟಿ ಇದೆಯೋ ಅವರಿಗೆ ಅಷ್ಟು ಧೈರ್ಯ. ಒಂದು ಸರ್ವಿಸ್ ಬಿಟ್ಟುಹೋಗಿದ್ದರೆ, ಹೊರಗೆ ಬಿಚ್ಚಿಸಿದ ಗುರುತಿದ್ದರೆ, ಪಂಪಿನ ಸೀಲ್ ಒಡೆದಿದ್ದರೆ ಅಲ್ಲಿಗೆ ಮುಗಿಯಿತು. ಕ್ಲಚ್ ಪ್ಲೇಟ್ ಸವೆತದ ಸಾಮಾನು. ಪೆಡಲ್ ಮೇಲೆ ಕಾಲಿಟ್ಟೇ ಓಡಿಸಿ ಸುಟ್ಟಿದ್ದರೆ ಪ್ಲೇಟ್‌ನ ಬಣ್ಣವೇ ಹೇಳುತ್ತದೆ, ವಾದ ಮಾಡಿ ಪ್ರಯೋಜನ ಇಲ್ಲ.

ಟಯರ್, ಬ್ಯಾಟರಿ, ಡೀಸೆಲ್ ಪಂಪ್ ಟ್ರ್ಯಾಕ್ಟರ್ ಕಂಪನಿ ಮಾಡುವುದಿಲ್ಲ. ಅವುಗಳ ವಾರಂಟಿ ಸಾಮಾನ್ಯವಾಗಿ ಅವನ್ನು ಮಾಡಿದವರದು. ನಮ್ಮ ಜನ ಇವತ್ತಿಗೂ "ಮೈಕೋ ಪಂಪು" ಅಂತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಪಂಪ್ ಕೆಟ್ಟರೆ ಅದನ್ನು ಅವರದೇ ಡೀಸೆಲ್ ಸೆಂಟರ್‌ಗೆ ಕಳಿಸಬೇಕು. ಕಳಿಸುವ ಜವಾಬ್ದಾರಿ ಡೀಲರ್ ತೆಗೆದುಕೊಳ್ಳುತ್ತಾರಾ, ನೀವೇ ಹೊತ್ತುಕೊಂಡು ಹೋಗಬೇಕಾ? ಬುಕಿಂಗ್ ದಿನವೇ ಕೇಳಿಡಿ.

ಹೆಜ್ಜೆ 9: ಸಂಬಂಧ

ಗಾಡಿ ಮಾರಿದ ಹುಡುಗನ ನಂಬರ್ ಆರು ತಿಂಗಳಿಗೆ ಬೇರೆ ಕಂಪನಿಯಲ್ಲಿರುತ್ತದೆ. ನಿಮಗೆ ಬೇಕಾದ ನಂಬರ್ ಮೂರು: ಫೋರ್‌ಮನ್, ಸ್ಪೇರ್ ಕೌಂಟರ್‌ನವನು, ಕಂಪನಿಯ ಏರಿಯಾ ಸರ್ವಿಸ್ ಆಫೀಸರ್. ಮೂರನೆಯದನ್ನು ಡೀಲರ್ ಸುಲಭಕ್ಕೆ ಕೊಡುವುದಿಲ್ಲ. ಸರ್ವಿಸ್ ಕ್ಯಾಂಪ್‌ಗೆ ಅವರು ಬಂದಾಗ ನೇರ ಕೇಳಿ ಪಡೆಯಿರಿ.

ಉದ್ರಿ ಬಾಕಿ ಇಡಬೇಡಿ. ಸುಗ್ಗಿಗೆ ಕೊಡುತ್ತೇನೆ ಅಂದವರನ್ನು ಡೀಲರ್ ಬೈಯುವುದಿಲ್ಲ. ನಗುತ್ತಲೇ ಮಾತಾಡುತ್ತಾರೆ. ಆದರೆ ಜೂನ್‌ನಲ್ಲಿ ಒಂದೇ ಕ್ಲಚ್ ಸೆಟ್ ಉಳಿದು ಇಬ್ಬರು ಬಂದು ನಿಂತಾಗ ಅದು ಯಾರ ಗಾಡಿಗೆ ಹೋಗುತ್ತದೆ? ಅಂಥ ಸೆಟ್ಟನ್ನು ನನ್ನ ಕೈಯಾರೆ ಕೊಟ್ಟಿದ್ದೇನೆ, ಬಾಕಿ ಪುಸ್ತಕ ನೋಡಿಯೇ.

ಹಾಗಂತ ತಲೆ ಬಾಗಿಸಿ ನಿಲ್ಲಬೇಕು ಅಂತ ಅಲ್ಲ. ನಿಮಗೂ ಒಂದು ಶಕ್ತಿ ಇದೆ. ಊರಿನಲ್ಲಿ ಅದೇ ಮಾಡೆಲ್ ಐದು ಇದ್ದರೆ ಐವರೂ ಸೇರಿ ಒಂದೇ ದಿನ ಸರ್ವಿಸ್ ಕೇಳಿ. ಒಂದು ಗಾಡಿಗೆ ಮೂವತ್ತು ಕಿಲೋಮೀಟರ್ ಬರಲು ಗೊಣಗುವ ಮೆಕ್ಯಾನಿಕ್ ಐದು ಗಾಡಿ ಅಂದರೆ ಬೆಳಿಗ್ಗೆ ಎಂಟಕ್ಕೇ ಬಂದಿರುತ್ತಾನೆ. ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ಅದರಲ್ಲಿ ಫೋರ್‌ಮನ್‌ನ ಸೇರಿಸಿ. ಐದು ಜನರ ಮುಂದೆ ಕೊಟ್ಟ ಮಾತು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಮತ್ತೆ, ಬಿಸಿಲಿನಲ್ಲಿ ಗಾಡಿ ಕೆಳಗೆ ಮಲಗಿದ ಹುಡುಗನಿಗೆ ಮಜ್ಜಿಗೆ, ರೊಟ್ಟಿ ಬೇಕಾ ಅಂತ ಕೇಳಿ. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 10: ಮಾತು ಮುಗಿದರೆ ಕಾಗದ

ಮೂರು ಸಲ ರಿಪೇರಿ ಆಗಿಯೂ ಅದೇ ದೋಷ ಬಂದರೆ ಫೋನ್ ಬಿಡಿ, ಬರೆಯಿರಿ. ಡೀಲರ್‌ಗೆ ಒಂದು, ಕಂಪನಿಗೆ ಒಂದು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲ್ ಕೂಡ ಹಾಕಿ. ಬೈಗುಳ ಬೇಡ. ಹೀಗೆ ಸಾಕು:

"ನನ್ನ ಟ್ರ್ಯಾಕ್ಟರ್ (ಮಾಡೆಲ್, ಚಾಸಿ ನಂಬರ್, ಎಂಜಿನ್ ನಂಬರ್) ಇಂಥ ತಾರೀಖು ನಿಮ್ಮಲ್ಲಿ ಕೊಂಡದ್ದು. ಈಗ ಇಷ್ಟು ಗಂಟೆ ಓಡಿದೆ. ಹೈಡ್ರಾಲಿಕ್ ಲೋಡ್ ಎತ್ತುತ್ತಿಲ್ಲ ಎಂದು ಮೂರು ಸಲ ಬಿಟ್ಟಿದ್ದೇನೆ (ಜಾಬ್ ಕಾರ್ಡ್ ನಂಬರ್, ತಾರೀಖು). ದೋಷ ಹೋಗಿಲ್ಲ. ಬಾಡಿಗೆ ಟ್ರ್ಯಾಕ್ಟರ್‌ಗೆ ಇಷ್ಟು ಖರ್ಚಾಗಿದೆ, ರಸೀದಿ ಲಗತ್ತಿಸಿದ್ದೇನೆ. 15 ದಿನದೊಳಗೆ ವಾರಂಟಿಯಲ್ಲಿ ಸರಿಪಡಿಸಿ. ಆಗುವುದಿಲ್ಲವಾದರೆ ಕಾರಣವನ್ನು ಬರಹದಲ್ಲಿ ಕೊಡಿ."

ಬಾಡಿಗೆ ಗಾಡಿಯವನಿಂದ ರಸೀದಿ ಬರೆಸಿಕೊಳ್ಳಿ ಅಂದರೆ ನಗುತ್ತೀರಿ, ಗೊತ್ತು. ಒಂದು ಬಿಳಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡರೂ ಸರಿ, ಫೋನ್‌ಪೇ ಮಾಡಿದರೆ ಇನ್ನೂ ಒಳ್ಳೆಯದು. ನಷ್ಟ ತೋರಿಸಲು ಅದೇ ಬೇಕು.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ, ಯಾಕೆಂದರೆ ಡೀಲರ್ ಮೇಜಿನಲ್ಲೇ ಸತ್ತ ದೂರು ಈಗ ಕಂಪನಿಯ ಹೆಡ್ ಆಫೀಸ್ ತಲುಪಿರುತ್ತದೆ. ಗ್ರಾಹಕ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೆದಿದೆ, ಕೃಷಿ ಯಂತ್ರಗಳೂ ಅದರಲ್ಲಿ ಸೇರಿವೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಪುಣೆಯಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. 5 ಲಕ್ಷದವರೆಗೆ ಶುಲ್ಕ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ವಕೀಲರು ಇರಲೇಬೇಕು ಅಂತ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ಹಾಕಬೇಕು. ಡೀಲರ್, ಕಂಪನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. "ಇದು ವ್ಯಾಪಾರಕ್ಕೆ ಕೊಂಡ ಗಾಡಿ, ಇವರು ಗ್ರಾಹಕರೇ ಅಲ್ಲ" ಅನ್ನುವ ವಾದ ಬಂದೇ ಬರುತ್ತದೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ಕೊಂಡವರು ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ. ಪಹಣಿ ಲಗತ್ತಿಸಿ. ತಯಾರಿಕೆಯಲ್ಲೇ ದೋಷ ಅಂತ ಹೇಳುವುದಾದರೆ ನಿಮ್ಮ ಮಾತು ಸಾಲದು, ತಿಳಿದವರ ವರದಿ ಬೇಕು. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಇದೆ, ಅಂಥ ಕಡೆ ವಿಚಾರಿಸಿ. ವರದಿ ಬರುವವರೆಗೆ ಕೆಟ್ಟ ಭಾಗವನ್ನು ಬೇರೆ ಕಡೆ ಬಿಚ್ಚಿಸಬೇಡಿ.

ಡೀಲರ್ ಬಾಗಿಲು ಹಾಕಿದರೆ?

ಆಗುತ್ತದೆ. ಪಿ.ಬಿ. ರಸ್ತೆಯ ಬದಿಯಲ್ಲಿ ಬೋರ್ಡು ಬದಲಾಗುವುದನ್ನು ನೋಡುತ್ತಲೇ ಇರುತ್ತೇವೆ. ಕಂಪನಿಯೇ ಮುಚ್ಚಿದ್ದೂ ಇದೆ. ಬೆಂಗಳೂರಿನ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಜೆಟರ್ ಅನ್ನುವ ಚೆಕ್ ಕಂಪನಿಯ ತಂತ್ರಜ್ಞಾನದ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ನಮ್ಮ ಸೋದರಮಾವನ ಎಚ್‌ಎಂಟಿ ಇನ್ನೂ ಓಡುತ್ತದೆ. ಸಾಮಾನು ಬೇಕಾದರೆ ಅವರು ಗುಜರಿಯಲ್ಲಿ ಹಳೇ ಗಾಡಿ ಹುಡುಕುತ್ತಾರೆ, ಸಿಗದ್ದನ್ನು ಲೇತ್‌ನಲ್ಲಿ ಮಾಡಿಸುತ್ತಾರೆ. ಅದಕ್ಕೆ ಬೇಕಾದ ತಾಳ್ಮೆ ನನಗಿಲ್ಲ.

ಡೀಲರ್ ಮಾತ್ರ ಹೋಗಿ ಕಂಪನಿ ಇದ್ದರೆ ಗಾಬರಿ ಬೇಡ. ವಾರಂಟಿ ಕೊಟ್ಟದ್ದು ಕಂಪನಿ. ಕಂಪನಿಯ ಟೋಲ್ ಫ್ರೀ ನಂಬರ್‌ಗೆ ಚಾಸಿ ನಂಬರ್ ಹೇಳಿ, ನಿಮ್ಮ ಗಾಡಿಯನ್ನು ಪಕ್ಕದ ಡೀಲರ್‌ಗೆ ಸೇರಿಸಿ ಅಂತ ಕೇಳಿ. ಹೊಸ ಜಾಗದಲ್ಲಿ "ಇದು ನಾವು ಮಾರಿದ ಗಾಡಿ ಅಲ್ಲ" ಅನ್ನುವ ಮಾತು ಒಮ್ಮೆಯಾದರೂ ಬರುತ್ತದೆ. ಅದಕ್ಕೆ ಉತ್ತರ ಕೊಡಬೇಡಿ. ಹಳೇ ಜಾಬ್ ಕಾರ್ಡ್‌ಗಳ ಜೆರಾಕ್ಸ್ ಸೆಟ್ಟು ಒಂದು ಮಾಡಿಸಿಕೊಂಡು ಹೋಗಿ ಫೋರ್‌ಮನ್ ಮೇಜಿನ ಮೇಲಿಡಿ, ಒಂದು ಸರ್ವಿಸ್ ದುಡ್ಡು ಕೊಟ್ಟೇ ಮಾಡಿಸಿ, ಕೌಂಟರ್‌ನಲ್ಲಿ ಎರಡು ಫಿಲ್ಟರ್ ಕೊಂಡುಕೊಂಡು ಬನ್ನಿ.